ಭುಜದ ಮೇಲಿನ ಚುಕ್ಕೆ

ಬೆಳಿಗ್ಗೆಯಿಂದ ಬಾಗಿಲಿಗೆ ಬಂದ ಮೂರನೆಯ ಗಿಫ್ಟ್ ಕೂಡ ನಾಯಿ ಬಿಸ್ಕತ್ತೇ!

ಮಿನೊರಿಯ ಅಮ್ಮ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಂಟ ಬಗ್ಗಿಸಿ ವಂದಿಸಿದಳು. ಎದುರಿಗೆ ನಿಂತಿದ್ದ ಅಕ್ಕಿ ಅಂಗಡಿಯ ಅಜ್ಜಿಯೂ ಬಗ್ಗಿದರು. ಅಮ್ಮ ಇನ್ನಷ್ಟು ಬಗ್ಗಿದಳು. ಅಜ್ಜಿ ಅದಕ್ಕಿಂತಲೂ ಕೆಳಗೆ ಬಗ್ಗಿದರು. ಉನೊಸೆ ಊರಿನಲ್ಲಿ ಬಗ್ಗುವುದು ಒಮ್ಮೆ ಶುರುವಾದರೆ ಒಬ್ಬರ ಸೊಂಟ ಹಿಡಿದುಕೊಳ್ಳುವ ತನಕ ನಿಲ್ಲುವುದಿಲ್ಲ.

"ಇವತ್ತು ಗಾಳಿಪಟ ಹಾರುತ್ತಲ್ಲ! ಒಳ್ಳೇದಾಗ್ಲಿ ಕಣಮ್ಮ," ಎಂದರು ಅಜ್ಜಿ ಸೊಂಟ ನೀವಿಕೊಳ್ಳುತ್ತಾ. "ಹೇಗಿದ್ದಾನೆ ಪುಟ್ಟ?"

"ಚೆನ್ನಾಗಿದ್ದಾನೆ ಅಜ್ಜಿ."

"ರಾತ್ರಿ ಗಲಾಟೆ ಮಾಡ್ತಾನಾ?"

"ಅಯ್ಯೋ, ಕೇಳ್ಬೇಡಿ. ಒಂದು ದಿನವೂ ನಿದ್ದೆ ಮಾಡೋಕೆ ಬಿಟ್ಟಿಲ್ಲ."

"ಇಂಜೆಕ್ಷನ್ ಹಾಕಿಸಿದ್ರಾ?"

"ಹೂಂ, ಹೋದ ವಾರ ಹಾಕಿಸ್ದೆ."

"ಒಳ್ಳೇ ಕೆಲಸ. ಆದ್ರೆ ನೋಡು, ಹಾಸಿಗೆ ಮೇಲೆ ಮಾತ್ರ ಮಲಗಿಸ್ಕೋಬೇಡ. ಅಭ್ಯಾಸ ಆಗ್ಬಿಟ್ರೆ ಆಮೇಲೆ ಅಂಗಳಕ್ಕೆ ಹೋಗು ಅಂದ್ರೂ ಹೋಗಲ್ಲ."

ಅಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ಆದರೆ ಹಿರಿಯರ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. "ಆಗ್ಲಿ ಅಜ್ಜಿ," ಎಂದು ಇನ್ನೊಮ್ಮೆ ಬಗ್ಗಿದಳು.

"ಇನುಸುಕೆಗೆ ನನ್ನ ಆಶೀರ್ವಾದ ಹೇಳು," ಎಂದು ಅಜ್ಜಿ ಹೊರಟರು.

"ಪಾಪ, ಅವ್ರಿಗೆ ವಯಸ್ಸಾಯ್ತು," ಎಂದಳು ಅಮ್ಮ ಬಾಗಿಲು ಸರಿಸುತ್ತಾ. "ಮಗು ಹೆಸರು ತಾಸುಕೆ ಅಂತ ಎಷ್ಟು ಸಲ ಹೇಳಿದ್ರೂ ಮರೆತು ಬಿಡ್ತಾರೆ. ಇನ್ನೂ ಹಲ್ಲೇ ಬಂದಿಲ್ಲ ಅದಕ್ಕೆ, ಬಿಸ್ಕತ್ತು ಬೇರೆ! ನಾಯಿ ಚಿತ್ರ ಮುದ್ದಾಗಿದೆ ಅಂತ ತಂದಿರ್ಬೇಕು, ಅಲ್ವಾ ಮಿನೊರಿ?"

ಇನುಸುಕೆ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಮಿನೊರಿಗೆ ಎಲ್ಲಾ ಅರ್ಥವಾಗಿತ್ತು. ಅಕ್ಕಿ ಅಂಗಡಿಯ ಅಜ್ಜಿ ಏನನ್ನೂ ಮರೆತಿರಲಿಲ್ಲ. ಹಬ್ಬದ ಬಯಲಿನಲ್ಲಿ ಆಗಲೇ ಕಟ್ಟಿ ನಿಲ್ಲಿಸಿದ್ದ ಗಾಳಿಪಟದ ಮೇಲೆ ಏನು ಬರೆದಿತ್ತೋ ಅದನ್ನೇ ಓದಿಕೊಂಡು ಬಂದಿದ್ದರು.

ಉನೊಸೆಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೇ ತಿಂಗಳ ಹಬ್ಬದಲ್ಲಿ ಅದರ ಹೆಸರಿನ ಗಾಳಿಪಟ ಹಾರಿಸಬೇಕು. ಚಿಕ್ಕಪುಟ್ಟದ್ದಲ್ಲ, ಒಂದು ಕೋಣೆಯಷ್ಟು ದೊಡ್ಡದು. ಅದು ಎಷ್ಟು ಎತ್ತರಕ್ಕೆ ಏರುತ್ತದೋ ಮಗು ಅಷ್ಟು ಚೆನ್ನಾಗಿ ಬೆಳೆಯುತ್ತದೆ ಎಂದು ಊರಿಗೆ ಊರೇ ನಂಬಿದೆ. ಒಂದು ಮಗುವಿಗೆ ಒಂದೇ ಸಲ. ಮುಂದಿನ ವರ್ಷ ಅತ್ತು ಕರೆದರೂ ಹಾರಿಸುವುದಿಲ್ಲ.

ತಾಸುಕೆಯ ಹೆಸರನ್ನು ಬರೆದವರು ಮಿನೊರಿಯ ಅಜ್ಜ, ಇಸೊಗಾಯಿ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಒಂದು ಗೆರೆ ಸೊಟ್ಟಗಾದರೂ ಕಿವಿ ಹಿಂಡುತ್ತಿದ್ದವರು. ಹೆಸರಿನ ಮೊದಲ ಅಕ್ಷರ ನೋಡಲು ಬಲು ಸುಲಭ. ಕೈ ಚಾಚಿ, ಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿರುತ್ತದೆ. ಅವನ ಎರಡು ಕಾಲುಗಳ ನಡುವೆ ಒಂದು ಚುಕ್ಕೆ ಇಟ್ಟರೆ ಅದು 'ತಾ'. ತಾ ಎಂದರೆ ದಷ್ಟಪುಷ್ಟ. ಅದೇ ಚುಕ್ಕೆಯನ್ನು ಅವನ ಬಲಭುಜದ ಮೇಲೆ ಇಟ್ಟರೆ ಅದು 'ಇನು'. ಇನು ಎಂದರೆ ನಾಯಿ.

ಹೋದ ವಾರ ಹಜಾರದ ತುಂಬ ಕಾಗದ ಹಾಸಿ ಅಜ್ಜ ಆ ಮನುಷ್ಯನನ್ನೂ ಹೆಸರಿನ ಉಳಿದ ಅಕ್ಷರವನ್ನೂ ಬರೆದು ಮುಗಿಸಿದ್ದರು. ಕುಂಚವನ್ನು ಮಿನೊರಿಯ ಕೈಗೆ ಕೊಟ್ಟು, "ಚುಕ್ಕೆ ಮಾತ್ರ ನಿಂದು. ನೀನು ಅಕ್ಕ ಅಲ್ವಾ?" ಎಂದಿದ್ದರು.

ಮಿನೊರಿ ಉಸಿರು ಬಿಗಿಹಿಡಿದು ಕುಂಚ ಎತ್ತಿದ್ದೇ ತಡ, ಒಳಗೆ ಮಗು ಕಿಟಾರನೆ ಕಿರುಚಿತು. ಅಮ್ಮ ಓಡಿದಳು. ಅಜ್ಜನೂ ಓಡಿದರು. ಆ ಮಗು ಮನೆಗೆ ಬಂದಾಗಿನಿಂದ ಹೀಗೆಯೇ. ಮಿನೊರಿ ಚಿತ್ರ ತೋರಿಸಿದರೆ ಅದು ಸೀನುತ್ತದೆ, ಎಲ್ಲರೂ ಆ ಕಡೆ ತಿರುಗುತ್ತಾರೆ. ಮಿನೊರಿ ಶಾಲೆಯ ಸುದ್ದಿ ಹೇಳಿದರೆ ಅದು ಹಾಲು ಕಕ್ಕುತ್ತದೆ, ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಈಗ ಅವಳು ಇಡುವ ಒಂದೇ ಒಂದು ಚುಕ್ಕೆಯನ್ನು ನೋಡುವುದಕ್ಕೂ ಯಾರಿಲ್ಲ.

ಅವಳು ಚುಕ್ಕೆ ಇಟ್ಟಳು. ಅದು ಭುಜದ ಮೇಲೆ ಬಿತ್ತು. ಮರೆವಿನಿಂದಲೋ ಸಿಟ್ಟಿನಿಂದಲೋ ಅವಳಿಗೇ ಇವತ್ತಿಗೂ ಗೊತ್ತಿಲ್ಲ. ಅಜ್ಜ ಮಗುವನ್ನು ಆಡಿಸುತ್ತಿದ್ದಾಗಲೇ ಗಾಳಿಪಟ ತಂಡದವರು ಬಂದು ಕಾಗದ ಸುತ್ತಿಕೊಂಡು ಹೋದರು. ಮಿನೊರಿ ಬಾಯಿ ಬಿಡಲಿಲ್ಲ.

ಇವತ್ತೇ ಆ ಹಬ್ಬ. ಬಯಲು ಸಮುದ್ರದ ಪಕ್ಕದಲ್ಲೇ. ನೀಲಿ ಅಂಗಿ ತೊಟ್ಟ ಗಂಡಸರು ಕಹಳೆ ಊದುತ್ತಾ, ಸೀಟಿ ಹೊಡೆಯುತ್ತಾ ಕುಣಿಯುತ್ತಿದ್ದರು. ಮಿನೊರಿಯ ಅಪ್ಪ ಹಡಗಿನ ಕೆಲಸದಲ್ಲಿದ್ದ. ರಜೆ ಸಿಕ್ಕಿರಲಿಲ್ಲ. ಹಾಗಾಗಿ ಅಜ್ಜ ಮುಂದೆ, ಮಗುವನ್ನು ಎತ್ತಿಕೊಂಡ ಅಮ್ಮ ಹಿಂದೆ, ಅವರ ಹಿಂದೆ ಕಾಲೆಳೆಯುತ್ತಾ ಮಿನೊರಿ.

ತಂಡದ ನಾಯಕ ತೊತ್ಸುಕ ಓಡಿಬಂದ. ತೋಫು ಮಾರುವವನು, ಗುಂಡುಕಲ್ಲಿನಂಥ ಆಳು. ಆದರೆ ಮೇಷ್ಟ್ರನ್ನು ಕಂಡೊಡನೆ ಎರಡನೆಯ ಕ್ಲಾಸಿನ ಹುಡುಗನಾಗಿ ಕೈಕಟ್ಟಿ ನಿಂತ.

"ಮೇಷ್ಟ್ರೇ, ಎಲ್ಲಾ ರೆಡಿ. ನಾಯಿಯೂ ರೆಡಿ."

"ಯಾವ ನಾಯಿ?" ಎಂದರು ಅಜ್ಜ.

ತೊತ್ಸುಕ ಕೈ ತೋರಿಸಿದ. ಮರಳಿನ ಮೇಲೆ ಸಾರಾಯಿ ಅಂಗಡಿಯ ಮುದಿ ನಾಯಿ ಗೊಮಾ ಕೂತಿತ್ತು. ಮೈಗೆ ನೀಲಿ ಅಂಗಿ, ತಲೆಗೆ ಬಿಳಿ ಪಟ್ಟಿ. ಯಾಕೆ ಏನು ಎಂದು ಕೇಳುವ ಹುಮ್ಮಸ್ಸು ಅದಕ್ಕೆ ಇದ್ದ ಹಾಗಿರಲಿಲ್ಲ. ಆಕಳಿಸಿತು.

"ನಿಮ್ಮನೆ ನಾಯಿನ ನಾವ್ಯಾರೂ ನೋಡಿಲ್ಲ ಮೇಷ್ಟ್ರೇ. ಹೊಸಾ ಮರಿ, ಇಷ್ಟು ಗದ್ದಲಕ್ಕೆ ಹೆದರ್ಕೊಂಡ್ರೆ ಕಷ್ಟ ಅಂತ, ಅದರ ಬದಲಿಗೆ ಗೊಮಾನ ಕರ್ಕೊಂಡು ಬಂದ್ವಿ. ಮೊನ್ನೆ ಸಂಜೆಯೆಲ್ಲಾ ಮೀಟಿಂಗ್ ಮಾಡಿದ್ವಿ. ಕೆಲವರು ಮಗುವಿನ ಹೆಸರೇ ಇನುಸುಕೆ ಅಂದ್ರು. ಈಗಿನ ಕಾಲದ ಹೆಸರುಗಳು, ಹೇಳೋಕಾಗಲ್ಲ. ಕೆಲವರು, ಛೇ, ಇದು ನಾಯಿ ಗಾಳಿಪಟ ಅಂದ್ರು. ಕೊನೆಗೆ ನಾಯಿಯೋರೇ ಗೆದ್ರು."

"ತಪ್ಪು ಬರ್ದಿದೆ ಅಂತ ಯಾರಿಗೂ ಅನ್ನಿಸ್ಲಿಲ್ವಾ?" ಎಂದು ಅಜ್ಜ ಕೇಳಿದರು.

ತೊತ್ಸುಕನಿಗೆ ಗಾಬರಿಯೇ ಆಯಿತು. ತನಗೇ ಗೊತ್ತಿಲ್ಲದಂತೆ ಕಿವಿಯನ್ನು ಮುಚ್ಚಿಕೊಂಡ. "ಮೇಷ್ಟ್ರು ತಪ್ಪು ಬರೀತಾರಾ? ಆ ಮಾತು ಆಡೋ ಧೈರ್ಯ ಈ ಊರಲ್ಲಿ ಯಾರಿಗಿದೆ?"

ಆಗ ಅಜ್ಜ ಗಾಳಿಪಟದ ಕಡೆ ನೋಡಿದರು. ತಂಡದವರು ಅದನ್ನು ನೆಟ್ಟಗೆ ಎತ್ತಿ ಹಿಡಿದಿದ್ದರು. ಚುಕ್ಕೆ ಭುಜದ ಮೇಲೆ ಕಪ್ಪಗೆ ಕೂತಿತ್ತು. ಅಜ್ಜನ ಮುಖ ಬಿಳಿಚಿಕೊಂಡಿತು. ಅವರು ನಿಧಾನವಾಗಿ ತಿರುಗಿ ಮಿನೊರಿಯನ್ನು ನೋಡಿದರು. ಮಿನೊರಿ ತನ್ನ ಚಪ್ಪಲಿಯನ್ನು ನೋಡಿಕೊಂಡಳು.

"ಮಾವ, ಇದು..." ಅಮ್ಮ ಮಗುವನ್ನು ಎದೆಗೆ ಅವಚಿಕೊಂಡಳು.

ಸುತ್ತ ನಿಂತಿದ್ದವರೆಲ್ಲ ಮೇಷ್ಟ್ರ ಹಳೆಯ ಶಿಷ್ಯರು. ಎಲ್ಲರೂ ಉತ್ತರ ಸರಿಯೋ ತಪ್ಪೋ ಎಂದು ಕಾಯುತ್ತಿದ್ದರು. ಅಜ್ಜ ಗಂಟಲು ಸರಿಮಾಡಿಕೊಂಡರು.

"ಹೌದು," ಎಂದರು. "ನಾಯಿಯೇ. ನಾನೇ ಬರ್ದಿದ್ದು."

"ನೋಡ್ದ್ರಾ, ನಾನು ಹೇಳ್ಲಿಲ್ವಾ!" ಎಂದು ತೊತ್ಸುಕ ಕುಣಿದಾಡಿದ.

ಕಹಳೆಗಳು ಮೊಳಗಿದವು. ಗೊಮಾವನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತರು. "ಇನುಸುಕೆ! ಇನುಸುಕೆ!" ಎಂದು ಜನ ಕೂಗಿದರು. ಯಾರೋ ನಾಯಿಗೆ ದೀರ್ಘಾಯುಷ್ಯ ಕೋರಿದರು. ಊರಿನ ಮುಖ್ಯಸ್ಥರು ಅದರ ಮುಂದೆ ಬಗ್ಗಿದರು. ಅದು ಬಗ್ಗಲಿಲ್ಲ. ಅವರು ಇನ್ನಷ್ಟು ಬಗ್ಗಿದರು. ಗೊಮಾ ಹೆಗಲ ಮೇಲೆಯೇ ನಿದ್ದೆ ಹೋಯಿತು.

ಅಮ್ಮ ಹಿಂದೆ ಸರಿದು ನಿಂತಳು. ಅವಳ ತೋಳಿನಲ್ಲಿ ಅಂಗೈಯಗಲದ ನೀಲಿ ಅಂಗಿ ತೊಟ್ಟ ತಾಸುಕೆ. ಅವನು ಸೀನಿದ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಸೀನಿದ. ಆಗಲೂ ಯಾರೂ ತಿರುಗಲಿಲ್ಲ.

ಮಿನೊರಿ ಎಷ್ಟೋ ದಿನದಿಂದ ಬಯಸಿದ್ದು ಇದನ್ನೇ. ಈಗ ಅದು ಕಣ್ಣೆದುರಿಗೇ ನಡೆದಾಗ ಅವಳಿಗೆ ಬೇಡವೆನಿಸಿತು. ಅಜ್ಜ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಹುಟ್ಟಿದಾಗಿನಿಂದ ಸುಳ್ಳು ಹೇಳದಿದ್ದವರು ತನಗೋಸ್ಕರ ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ದರು.

"ಹಗ್ಗ ಹಿಡೀರೋ! ಗಾಳಿ ಬಂತು!" ಎಂದು ತೊತ್ಸುಕ ಮೈಕಿನಲ್ಲಿ ಅರಚಿದ.

ಮಿನೊರಿ ಓಡಿದಳು. ಪಕ್ಕದ ಡೇರೆಯಲ್ಲಿ ಬಂದವರ ಹೆಸರು ಬರೆಯಲು ಮಸಿ, ಕುಂಚ ಇಟ್ಟಿದ್ದರು. ಕುಂಚ ಅದ್ದಿಕೊಂಡು, ಹಗ್ಗದ ಸಾಲಿನ ಕೆಳಗೆ ನುಸುಳಿ, ಗಾಳಿಪಟದ ಎದುರಿಗೆ ಬಂದಳು. ಮೇಲಿನ ಚುಕ್ಕೆಯನ್ನು ಅಳಿಸುವ ಹಾಗಿರಲಿಲ್ಲ. ಮಸಿ ಕಾಗದಕ್ಕೆ ಇಳಿದುಬಿಟ್ಟಿತ್ತು. ಕತ್ತರಿಸಿದರೆ ತೂತಾಗಿ ಪಟ ಹಾರುವುದೇ ಇಲ್ಲ. ಅವಳಿಗೆ ತೋಚಿದ್ದು ಒಂದೇ. ತುದಿಗಾಲಲ್ಲಿ ನಿಂತು, ಮನುಷ್ಯನ ಎರಡು ಕಾಲುಗಳ ನಡುವೆ ದೊಡ್ಡದೊಂದು ಚುಕ್ಕೆ ಒತ್ತಿದಳು. ಮಸಿ ಜಾಸ್ತಿಯಾಗಿ ಕೆಳಗೆ ಜಾರಿತು. ಚುಕ್ಕೆಗೆ ಬಾಲವೂ ಬಂತು.

ಕಹಳೆಗಳು ನಿಂತವು. ಗೊಮಾಗೆ ಎಚ್ಚರವಾಯಿತು.

"ಇನು..." ಎಂದು ತೊತ್ಸುಕ ಮೈಕಿನಲ್ಲಿ ಓದಲು ಹೊರಟ. "ಅಲ್ಲ, ತಾ... ಇನುತಾ... ತಾಇನು..." ಅವನ ನಾಲಗೆ ಗಂಟು ಬಿತ್ತು. "ಮೇಷ್ಟ್ರೇ! ಇದ್ಯಾವ ಅಕ್ಷರ? ಇದನ್ನ ಯಾವ ಕ್ಲಾಸಲ್ಲಿ ಕಲಿಸಿದ್ರಿ? ನಾನು ಅವತ್ತು ರಜಾ ಹಾಕಿದ್ನೇನೋ!"

"ನಾನೂ!" ಎಂದ ಹಿಂದಿನಿಂದ ಇನ್ನೊಬ್ಬ.

ಅಜ್ಜ ಹತ್ತಿರ ಬಂದರು. ಕನ್ನಡಕ ಒರೆಸಿಕೊಂಡು, ಅಕ್ಷರವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು.

"ಈ ಅಕ್ಷರ ನಂಗೂ ಬರಲ್ಲ," ಎಂದರು. "ಬರ್ದವ್ರನ್ನೇ ಕೇಳಿ."

ಮೈಕು ಮಿನೊರಿಯ ಮೂಗಿಗೆ ಬಂದು ತಾಗಿತು. ಇಡೀ ಬಯಲು ಅವಳನ್ನೇ ನೋಡುತ್ತಿತ್ತು. ಓಡಿಹೋಗೋಣ ಎಂದರೆ ಹಿಂದೆ ಗಾಳಿಪಟ, ಮುಂದೆ ತೊತ್ಸುಕ.

"ತಾ... ತಾಸುಕೆ," ಎಂದಳು. ಅವಳ ದನಿ ಸಮುದ್ರದ ತನಕ ಹೋಗಿ ಬಂತು. "ಇದು ನನ್ನ ತಮ್ಮನ ಗಾಳಿಪಟ. ನಾಯೀದಲ್ಲ. ನಮ್ಮನೇಲಿ ನಾಯಿನೇ ಇಲ್ಲ. ಮೇಲಿನ ಚುಕ್ಕೆ ಅಜ್ಜ ಇಟ್ಟಿದ್ದಲ್ಲ, ನಾನು ಇಟ್ಟಿದ್ದು. ಅದು ತಪ್ಪು. ಅವತ್ತು ನಂಗೆ ಸಿಟ್ಟು ಬಂದಿತ್ತು. ಸಾರಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತಪ್ಪಾ?" ಎಂದ ತೊತ್ಸುಕ. ಅವನ ಮುಖ ಅರಳಿತು. "ತಪ್ಪಂತೆ ಕಣ್ರೋ!"

"ನಂಗೆ ಮೊದಲೇ ಗೊತ್ತಿತ್ತು!" ಎಂದ ಸಾರಾಯಿ ಅಂಗಡಿಯವನು.

"ಮೀಟಿಂಗಲ್ಲೇ ಹೇಳೋಣ ಅಂತಿದ್ದೆ!" ಎಂದ ಮತ್ತೊಬ್ಬ.

"ನಾನು ಬಿಸ್ಕತ್ತು ತರೋವಾಗ್ಲೇ ಅಂದ್ಕೊಂಡೆ," ಎಂದರು ಅಕ್ಕಿ ಅಂಗಡಿಯ ಅಜ್ಜಿ.

ಊರಿಗೆ ಊರೇ ಎದೆಯ ಮೇಲಿನ ಕಲ್ಲು ಇಳಿಸಿಕೊಂಡಂತೆ ನಕ್ಕಿತು. ಗೊಮಾವನ್ನು ಇಳಿಸಬೇಕೆಂದು ಕೆಲವರು ಅಂದರು. ಅಂಗಿ ಹೊಲಿಸಿದ್ದೇನೆ, ಇಳಿಸಲು ಬಿಡುವುದಿಲ್ಲ ಎಂದು ಸಾರಾಯಿ ಅಂಗಡಿಯವನು ಹಟ ಹಿಡಿದ. ಸರಿ, ಅದು ಅಲ್ಲೇ ಇರಲಿ ಎಂದಾಯಿತು. "ತಾಸುಕೆ! ತಾಸುಕೆ!" ಎಂಬ ಕೂಗೆದ್ದಿತು. ಹಗ್ಗ ಬಿಗಿಯಿತು. ಎರಡು ಚುಕ್ಕೆಯ ಮನುಷ್ಯ ಒಮ್ಮೆ ಮುಗ್ಗರಿಸಿ, ಒಮ್ಮೆ ಅತ್ತಿತ್ತ ಓಲಾಡಿ, ಗಾಳಿ ಹಿಡಿದು ಭರ್ರನೆ ಮೇಲೇರಿದ.

ಅಜ್ಜ ಮಿನೊರಿಯ ಪಕ್ಕಕ್ಕೆ ಬಂದು ನಿಂತರು. ಅವಳು ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡಳು.

"ಕೈ ತೆಗಿಯೇ," ಎಂದರು ಅಜ್ಜ. "ಕಿವಿ ಹಿಂಡಬೇಕು ಅಂದ್ರೆ ಮೊದಲು ನಂದೇ ಹಿಂಡ್ಕೋಬೇಕು. ಚುಕ್ಕೆ ಇಡು ಅಂತ ಹೇಳಿ, ನೋಡೋಕೆ ನಿಲ್ಲದೇ ಓಡಿದ್ನಲ್ಲ."

ಮಿನೊರಿಗೆ ಅಳು ಬಂತು. ನಗುವೂ ಬಂತು. ಎರಡನ್ನೂ ನುಂಗಿಕೊಂಡು ಅಮ್ಮನ ಹತ್ತಿರ ಹೋದಳು.

"ನಂಗೆ ಕೊಡಮ್ಮ, ಅವನಿಗೆ ತೋರಿಸ್ತೀನಿ."

ಅಮ್ಮ ಮಗುವನ್ನು ಅವಳ ತೋಳಿನಲ್ಲಿ ಇಟ್ಟಳು. ಅದು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಮಿನೊರಿ ಒಂದು ಬೆರಳಿನಿಂದ ಅವನ ಗಲ್ಲ ಎತ್ತಿದಳು. "ನೋಡೋ, ಅಲ್ಲಿ! ಇನ್ನೂ ಮೇಲೆ! ನಿನ್ನ ಹೆಸರು!"

ತಾಸುಕೆ ಆಕಾಶವನ್ನು ನೋಡಲಿಲ್ಲ. ಅವನು ನೋಡಿದ್ದು ಮಿನೊರಿಯ ಮುಖವನ್ನು. ಅವಳು ಆ ಕಡೆ ತಿರುಗಿಸಿದರೂ ಈ ಕಡೆ ತಿರುಗಿಸಿದರೂ ಅವನ ಕಣ್ಣು ಮಾತ್ರ ಹಿಂದಕ್ಕೆ ಬಂದು ಅವಳ ಮೂಗಿನ ಮೇಲೆ ಕೂರುತ್ತಿತ್ತು. ಅಷ್ಟು ದೂರ ನೋಡಲು ಅವನಿಗೆ ಇನ್ನೂ ಬರುವುದಿಲ್ಲ ಎಂದು ಮಿನೊರಿಗೆ ಆಗ ಹೊಳೆಯಿತು. ಇಷ್ಟೆಲ್ಲಾ ಗಲಾಟೆಯಲ್ಲಿ ಅವನಿಗೆ ಕಾಣುತ್ತಿರುವುದು ತಾನೊಬ್ಬಳೇ.

ಅವಳು ತಲೆ ಎತ್ತಿ, ಕಣ್ಣು ಕಿರಿದು ಮಾಡಿಕೊಂಡು, ಅವನ ಪರವಾಗಿ ನೋಡಿದಳು.

"ಈಗ ಮೋಡದ ಹತ್ರ ಹೋಯ್ತು ಕಣೋ," ಎಂದು ಅವನ ಕಿವಿಯಲ್ಲಿ ಹೇಳಿದಳು. "ಸ್ವಲ್ಪ ವಾಲಿದೆ. ಆದ್ರೂ ಹೋಗ್ತಾ ಇದೆ."