ಹಳದಿ ಚೀಟಿಯ ಹಿಂಬದಿ

"ಹದಿನಾಲ್ಕು... ಹದಿನೈದು... ಹದಿನಾರು..."

ಗೈಡ್ ಒಂದೊಂದೇ ಸೀಟಿನ ಬೆನ್ನು ತಟ್ಟಿ ಎಣಿಸುತ್ತಾ ಬಸ್ಸಿನೊಳಗೆ ಬರುತ್ತಿದ್ದ. ಗಡಿಯ ತಪಾಸಣೆ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಈ ದೇಶದ ಬಸ್ಸು ಆ ದೇಶದ ನೆಲದ ಮೇಲೆ ನಿಂತು ಉಸಿರು ಬಿಡುತ್ತಿತ್ತು.

"ಹದಿ..."

ಅಷ್ಟೇ. ಎಣಿಕೆ ಅಲ್ಲಿಗೇ ನಿಂತಿತು.

ಕಿಟಕಿ ಪಕ್ಕ ಕೂತಿದ್ದವಳು ಮೆಲ್ಲಗೆ ತಲೆ ಎತ್ತಿದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಅವನ ಕೈ ಸೀಟಿನ ಬೆನ್ನಿನ ಮೇಲೆ ಹಾಗೇ ಉಳಿಯಿತು.

ಹನ್ನೊಂದು ವರ್ಷ! ಕಿವಿಯ ಬಳಿ ಬಿಳಿ ಕೂದಲು ಬಂದಿದೆ, ಮೂಗಿನ ಮೇಲೆ ಕನ್ನಡಕ ಬಂದಿದೆ. ಆದರೆ ಆ ಎಣಿಸುವ ದನಿ ಮಾತ್ರ ಅದೇ.

'ಗುರುತು ಹಿಡಿದ... ಅಯ್ಯೋ, ಈಗೇನು ಮಾಡಲಿ!'

"ಯಾಕಪ್ಪಾ, ಹದಿನಾರರ ಮುಂದೆ ಬರಲ್ವಾ?" ಪಕ್ಕದ ಸೀಟಿನಲ್ಲಿದ್ದ ಚಿಕ್ಕಮ್ಮ ಕೇಳಿಯೇ ಬಿಟ್ಟರು. ಬಸ್ಸಿಗೆ ಬಸ್ಸೇ ನಕ್ಕಿತು.

"ಕ್ಷಮಿಸಿ... ಮೊದಲಿಂದ ಎಣಿಸ್ತೀನಿ."

"ಏನ್ ಸಾರ್ ಇದು?" ಡ್ರೈವರ್ ಕನ್ನಡಿಯಲ್ಲೇ ನೋಡಿದ. "ಎರಡು ವರ್ಷದಲ್ಲಿ ಒಂದಿನಾನೂ ನಿಮ್ಮ ಎಣಿಕೆ ತಪ್ಪಿದ್ದು ನೋಡಿಲ್ಲ ನಾನು!"

ಗೈಡ್ ಕನ್ನಡಕ ಸರಿಮಾಡಿಕೊಂಡ. ಮುಂದೆ ಹೋಗಿ ಒಂದರಿಂದ ಶುರು ಮಾಡಿದ. ಈ ಸಲ ಅವಳ ಹತ್ತಿರ ಬಂದಾಗ ಕಣ್ಣು ನೆಲದಲ್ಲಿತ್ತು. ಒಟ್ಟು ಇಪ್ಪತ್ತೇಳು ಜನ.

ಚಿಕ್ಕಮ್ಮ ಅವಳ ಕಡೆ ವಾಲಿ ಪಿಸುಗುಟ್ಟಿದರು. "ಪುಟ್ಟಿ, ಇವನೇನಾ ನಿನ್ನ ಬಿಸ್ಕತ್ ಡಬ್ಬಿ?"

"ಚಿಕ್ಕಮ್ಮಾ! ಸುಮ್ನಿರಿ..."

ಬಿಸ್ಕತ್ ಡಬ್ಬಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ಹನ್ನೊಂದು ವರ್ಷದ ಹಿಂದೆ ಅವಳು ಈ ಬಸ್ಸಿನಲ್ಲಿ ಪ್ರವಾಸಿಯಾಗಿ ಬರುತ್ತಿರಲಿಲ್ಲ. ಮೇಲ್ವಿಚಾರಕಿಯಾಗಿ ಬರುತ್ತಿದ್ದಳು. ಪ್ರತಿ ಶನಿವಾರ ಒಂದು ಬಸ್ಸು ಜನರನ್ನು ಗಡಿ ದಾಟಿಸಿ ಹಳೆಯ ಕೋಟೆ, ಕಾವಲು ಗೋಪುರ, ಕಲ್ಲು ಹಾಸಿನ ಪೇಟೆಬೀದಿ ತೋರಿಸಿಕೊಂಡು ಸಂಜೆಯೊಳಗೆ ಮನೆ ಸೇರಿಸಬೇಕು. ಇಡೀ ಗುಂಪಿಗೆ ಒಂದೇ ಪರವಾನಗಿ. ಬೆಳಿಗ್ಗೆ ಎಷ್ಟು ಜನ ಹೋದರೋ ಸಂಜೆ ಅಷ್ಟೇ ಜನ ಮರಳಬೇಕು. ಒಂದು ತಲೆ ಕಡಿಮೆಯಾದರೂ ಗೇಟು ತೆರೆಯುವುದಿಲ್ಲ.

ಅದಕ್ಕೇ ಚೀಟಿಯ ಪದ್ಧತಿ. ಬೆಳಿಗ್ಗೆ ಗಡಿಯಲ್ಲಿ ಅವಳು ತನ್ನ ಜನರನ್ನು ಆ ಕಡೆಯ ಗೈಡಿಗೆ ಒಪ್ಪಿಸುತ್ತಿದ್ದಳು. ಸಂಜೆ ಅವನು ಮತ್ತೆ ಎಣಿಸಿ, ಕಾರ್ಬನ್ ಇಟ್ಟು ಎರಡು ಪ್ರತಿ ಬರೆದು, ಸಹಿ ಹಾಕಿ ವಾಪಸ್ ಒಪ್ಪಿಸುತ್ತಿದ್ದ. ಬಿಳಿ ಚೀಟಿ ಗಡಿಯ ಅಧಿಕಾರಿಗೆ, ಹಳದಿ ಚೀಟಿ ಅವಳಿಗೆ.

ಆ ಹಳದಿ ಚೀಟಿಯ ಹಿಂಬದಿಯಲ್ಲಿ ಅವನು ಒಂದು ಸಾಲು ಬರೆಯುತ್ತಿದ್ದ. ಗಡಿ ದಾಟಿದ ಮೇಲೆಯೇ ಅವಳು ಅದನ್ನು ತಿರುಗಿಸಿ ನೋಡಬೇಕು. ಅದು ಅವರಿಬ್ಬರೇ ಮಾಡಿಕೊಂಡ ಕಾನೂನು.

'ಇವತ್ತು ಮುಂದಿನ ಸೀಟಿನ ತಾತ ನನಗೇ ಇತಿಹಾಸ ಪಾಠ ಮಾಡಿದರು. ಮುಂದಿನ ವಾರ ಅವರೇ ಗೈಡ್, ನಾನು ಪ್ರವಾಸಿ.'

'ನಿನ್ನ ಕೊಡೆ ನನ್ನ ಹತ್ತಿರವೇ ಉಳಿದಿದೆ. ವಾಪಸ್ ಕೊಡೋ ಯೋಚನೆ ಇಲ್ಲ.'

ಓದಿ ನಗುತ್ತಾ ಅವಳು ಮನೆ ಸೇರುತ್ತಿದ್ದಳು. ನಲವತ್ತು ಚೀಟಿ ಬಿಸ್ಕತ್ ಡಬ್ಬಿಯಲ್ಲಿ ಬೆಚ್ಚಗೆ ಕೂತವು. ಒಂದೇ ಒಂದು, ಗಡಿಯಲ್ಲಿ ಯಾರದೋ ಚಹಾ ಚೆಲ್ಲಿದ ಗಲಾಟೆಯಲ್ಲಿ ಕೈತಪ್ಪಿ ಹೋಗಿತ್ತು. ಅದನ್ನವಳು ದೊಡ್ಡ ವಿಷಯ ಅಂದುಕೊಳ್ಳಲಿಲ್ಲ. ಅಂದುಕೊಳ್ಳಬೇಕಿತ್ತು, ಪಾಪ!

ಏಕೆಂದರೆ ಮುಂದಿನ ಶನಿವಾರದಿಂದಲೇ ಅವನು ಬದಲಾದ. 'ನೀನು' ಹೋಗಿ 'ನೀವು' ಬಂತು. ಹಿಂಬದಿ ಖಾಲಿಯಾಯಿತು. ಏನಾಯಿತು ಎಂದು ಕೇಳಿದರೆ "ಏನಿಲ್ಲ, ಕೆಲಸ ಇದೆ" ಎಂದ. ಹೀಗೆ ಮೂರು ಶನಿವಾರ. ನಾಲ್ಕನೆಯ ಶನಿವಾರ ಎರಡು ದೇಶಗಳ ನಡುವೆ ಏನೋ ಮನಸ್ತಾಪ ಬಂದು ಗಡಿಯೇ ಮುಚ್ಚಿತು.

ಒಂಬತ್ತು ವರ್ಷ ಮುಚ್ಚಿಯೇ ಇತ್ತು. ಅವಳು ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಬಂದ ಸಂಬಂಧಗಳಿಗೆಲ್ಲ ಏನಾದರೊಂದು ನೆವ ಹೇಳಿದಳು. ಎರಡು ಸಲ ಅವನ ನಂಬರ್ ಒತ್ತಿ, ಗಂಟೆ ಬಾರಿಸುವ ಮೊದಲೇ ಕತ್ತರಿಸಿದಳು. 'ಮುಖ ತಿರುಗಿಸಿದವನು ಅವನು. ನಾನ್ಯಾಕೆ ಮೇಲೆ ಬಿದ್ದು ಮಾತಾಡಲಿ?' ಗಡಿ ತೆರೆದು ಎರಡು ವರ್ಷವಾದರೂ ಆ ಸ್ವಾಭಿಮಾನ ತೆರೆಯಲಿಲ್ಲ. ಕೊನೆಗೆ ಚಿಕ್ಕಮ್ಮನೇ ಎರಡು ಟಿಕೆಟ್ ತಂದು ಮೇಜಿನ ಮೇಲಿಟ್ಟಿದ್ದರು.

"ಆ ಡಬ್ಬಿ ತುಕ್ಕು ಹಿಡಿಯೋಕೆ ಮುಂಚೆ ಹೋಗಿ ಕೇಳ್ಕೊಂಡು ಬರೋಣ ನಡಿ. ಯಾಕೆ ಹಾಗೆ ಮಾಡ್ದೆ ಅಂತ ಕೇಳು. ಉತ್ತರ ಏನೇ ಬರ್ಲಿ, ಆಮೇಲೆ ನೆಮ್ಮದಿಯಾಗಿ ಊಟ ಮಾಡು."

ಅದೊಂದೇ ಪ್ರಶ್ನೆ. ಕೈಯಲ್ಲಿರುವುದು ಸಂಜೆ ಐದರವರೆಗಿನ ಹೊತ್ತು.

*

ಕೋಟೆಯ ಹೆಬ್ಬಾಗಿಲಲ್ಲಿ ಗುಂಪು ಇಳಿಯಿತು. ಜನ ದಾರಿ ತಪ್ಪದಿರಲೆಂದು ಗೈಡ್ ಒಂದು ಕೊಡೆಯನ್ನು ಮಡಚಿ ಮೇಲೆತ್ತಿ ಹಿಡಿದ. ನೀಲಿ ಕೊಡೆ. ಹಿಡಿಗೆ ಸುತ್ತಿದ ಕೆಂಪು ದಾರ.

ಆ ದಾರ ಸುತ್ತಿದ್ದು ಅವಳೇ!

'ಕೊಡೆ ಬೇಕು... ಕೊಡೆಯವಳು ಬೇಡವಾ?'

"ಈ ಕೋಟೆಗೆ ಮೂರು ಸುತ್ತು," ಅವನು ಶುರು ಮಾಡಿದ. "ಮೊದಲನೇ ಸುತ್ತು ಶತ್ರುಗಳನ್ನ ತಡೆಯೋಕೆ. ಎರಡನೇದು ಕಳ್ಳರನ್ನ ತಡೆಯೋಕೆ. ಮೂರನೇದು..."

'ನೆಂಟರನ್ನ ತಡೆಯೋಕೆ,' ಹಿಂದೆ ನಿಂತವಳ ತುಟಿಗಳು ತಾವಾಗಿಯೇ ಅಲುಗಿದವು.

"...ನೆಂಟರನ್ನ ತಡೆಯೋಕೆ!"

ಎಲ್ಲರೂ ನಕ್ಕರು. ಒಂದು ಪದವೂ ಬದಲಾಗಿಲ್ಲ. ಉಗ್ರಾಣದ ಮುಂದೆ ಇಲಿಗಳ ತಮಾಷೆ, ಬಾವಿಯ ಹತ್ತಿರ ಕಲ್ಲು ಹಾಕಿ ಸದ್ದು ಕೇಳಿಸುವುದು, ಎಲ್ಲ ಹಾಗೆಯೇ ಇದೆ. ಸವೆದ ಮೆಟ್ಟಿಲುಗಳ ಬಳಿ ಅವನು ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟ.

"ನೀವು ಹುಷಾರಾಗಿ ಬನ್ನಿ," ಎಂದ ಅವಳಿಗೂ.

ನೀವು! ಇಪ್ಪತ್ತೇಳರಲ್ಲಿ ಒಬ್ಬಳು, ಅಷ್ಟೇ.

ಪಡುವಣ ಬಾಗಿಲ ಹತ್ತಿರ ಮಾತ್ರ ಅವಳು ಎಂದೂ ಕೇಳಿರದ ಮಾತು ಬಂತು. ಅವನು ದೊಡ್ಡ ಬಾಗಿಲ ಪಕ್ಕದ ಪುಟ್ಟ ದಿಡ್ಡಿ ಬಾಗಿಲನ್ನು ತೋರಿಸಿದ. ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ.

"ಆಗಿನ ಕಾವಲುಗಾರ ಬೆಳಿಗ್ಗೆ ಹೊರಗೆ ಹೋದವರನ್ನ ಎಣಿಸ್ತಿದ್ನಂತೆ, ಸಂಜೆ ಒಳಗೆ ಬಂದವರನ್ನ ಎಣಿಸ್ತಿದ್ನಂತೆ. ಕತ್ತಲಾದ್ರೆ ದೊಡ್ಡ ಬಾಗಿಲು ಹಾಕಲೇಬೇಕು, ರಾಜನ ಆಜ್ಞೆ. ಆದ್ರೆ ಒಬ್ಬರು ಇನ್ನೂ ಬಂದಿಲ್ಲ ಅಂದ್ರೆ..." ಅವನ ದನಿ ಸ್ವಲ್ಪ ತಗ್ಗಿತು. "ಈ ಚಿಕ್ಕ ಬಾಗಿಲನ್ನ ಮಾತ್ರ ತೆಗೆದಿಟ್ಟು ಕೂತಿರ್ತಿದ್ನಂತೆ."

"ಎಷ್ಟು ಹೊತ್ತು?" ಚಿಕ್ಕಮ್ಮ ಕೇಳಿದರು.

"ಅದು ಯಾವ ಶಾಸನದಲ್ಲೂ ಇಲ್ಲಮ್ಮ."

"ನಿಮಗೆ ಮದುವೆ ಆಗಿದ್ಯಾ?"

ಗುಂಪು ಒಮ್ಮೆಲೇ ಕಿವಿ ನಿಮಿರಿಸಿತು. ಅವಳು ಚಿಕ್ಕಮ್ಮನ ಸೆರಗು ಜಗ್ಗಿದಳು. ಎಲ್ಲಿ ಕೇಳುತ್ತಾರೆ!

"ಇಲ್ಲಮ್ಮ," ಅವನು ಕೊಡೆಯ ಹಿಡಿ ನೋಡುತ್ತಾ ಹೇಳಿದ. "ಬೇರೆಯವರ ಊರಿನ ಜನರನ್ನ ಎಣಿಸೋದ್ರಲ್ಲೇ ಆಯ್ತು."

*

ಕೊನೆಯದು ಕಾವಲು ಗೋಪುರ. ನೂರಾ ಹನ್ನೆರಡು ಮೆಟ್ಟಿಲು. ಒಂದು ಸಲಕ್ಕೆ ಎಂಟೇ ಜನ ಹತ್ತಬೇಕು. ಬೆಳಗಿನಿಂದ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುತ್ತಿದ್ದ ಚಿಕ್ಕಮ್ಮ ಕಲ್ಲಿನ ಕಟ್ಟೆಯ ಮೇಲೆ ಧೊಪ್ಪನೆ ಕೂತರು.

"ಅಬ್ಬಾ, ನನ್ನ ಮಂಡಿ! ನೀನು ಹತ್ತಿ ಬಾ ಪುಟ್ಟಿ. ಅವಸರ ಮಾಡ್ಬೇಡ, ಕೊನೇ ಗುಂಪಲ್ಲಿ ಹೋಗು. ಕೊನೆಯವಳಾಗಿ ಇಳಿ."

ಅವಳು ಹತ್ತಿದಳು. ಮೇಲೆ ಗಾಳಿ ಬೀಸುತ್ತಿತ್ತು. ದೂರದಲ್ಲಿ ಗಡಿಯ ಗೇಟು, ಅದರಾಚೆ ಅವಳ ಊರಿನ ದಾರಿ ಕಾಣುತ್ತಿತ್ತು. ಗುಂಪಿನ ಉಳಿದವರು ಫೋಟೋ ತೆಗೆದುಕೊಂಡು ಒಬ್ಬೊಬ್ಬರಾಗಿ ಇಳಿದರು. ಅವಳು ಇಳಿಯಲಿಲ್ಲ.

"ಐದಕ್ಕೆ ಹೊರಡಬೇಕು," ಗುಂಪಿನ ಹಿಂದೆಯೇ ಹತ್ತಿ ಬಂದಿದ್ದ ಅವನು ಹೇಳಿದ.

"ಗೊತ್ತು. ಒಂದು ಮಾತು ಕೇಳ್ಬೇಕಿತ್ತು."

"ಕೋಟೆ ಬಗ್ಗೆನಾ?"

"ಅಲ್ಲ. ಆ ಮೂರು ಶನಿವಾರದ ಬಗ್ಗೆ."

ಅವನು ಮುಖ ತಿರುಗಿಸಿದ. ಮತ್ತೆ ಅದೇ! ಅವಳ ಸಹನೆಯ ಕಟ್ಟೆಯೊಡೆಯಿತು.

"ಈಗ್ಲೂ ಮುಖ ತಿರುಗಿಸ್ತೀರಲ್ಲ! ನಾನೇನು ತಪ್ಪು ಮಾಡಿದ್ದೆ ಹೇಳಿ. ಬೈದಿದ್ರೆ ನಾನೂ ವಾಪಸ್ ಬೈದು ಸುಮ್ನಾಗ್ತಿದ್ದೆ. ಏನೂ ಹೇಳ್ದೇ ಹಾಗೆ ಮಾಡಿದ್ರಲ್ಲ... ಹನ್ನೊಂದು ವರ್ಷ ತಲೆ ಕೆಡಿಸ್ಕೊಂಡಿದ್ದೀನಿ ನಾನು!"

"ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ಇಷ್ಟು ಮೆಟ್ಟಿಲು ಹತ್ತಿ ಬಂದು ಕೇಳ್ತಿದ್ನಾ?"

ಅವನು ಕೊಡೆಯ ಕೆಂಪು ದಾರವನ್ನು ಬೆರಳಿಂದ ಸವರಿದ. ಆಮೇಲೆ ಬಹಳ ಮೆತ್ತಗೆ ಹೇಳಿದ. "ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ ಅಂದ್ರಿ."

"ಏನು?"

"ಕೊನೇದಾಗಿ ಬರೆದ ಚೀಟಿ. ವಾರ ಪೂರ್ತಿ ಕಾದಿದ್ದೆ. ಬಸ್ಸಿಂದ ಇಳೀತಿದ್ದ ಹಾಗೇ ಕೇಳ್ದೆ, ಓದಿದ್ಯಾ ಅಂತ. ನೀವೇನಂದ್ರಿ? 'ಹೂಂ, ಮನೆ ಸೇರೋವರೆಗೂ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು, ಇಂಥ ತಮಾಷೆ ಯಾವತ್ತೂ ಬರ್ದಿರ್ಲಿಲ್ಲ' ಅಂದ್ರಿ." ಅವನು ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಧೂಳೇನೂ ಇರಲಿಲ್ಲ. "ಅದು ತಮಾಷೆ ಆಗಿರ್ಲಿಲ್ಲ."

ಅವಳು ಗೋಡೆ ಹಿಡಿದುಕೊಂಡಳು. ಚಹಾ... ಆ ಚಹಾ...

"ನಾನು ಅದನ್ನ ಓದ್ಲೇ ಇಲ್ಲ!"

"ಏನಂದ್ರಿ?"

"ಓದ್ಲೇ ಇಲ್ಲ ಕಣೋ! ಅವತ್ತು ಗಡಿಯಲ್ಲಿ ಒಬ್ಬಜ್ಜಿ ಫ್ಲಾಸ್ಕ್ ಉರುಳಿ ಬಿಳಿ ಚೀಟಿ ಪೂರ್ತಿ ನೆನೆದುಹೋಯ್ತು. ಅಧಿಕಾರಿ ಇದು ಆಗಲ್ಲ, ಇನ್ನೊಂದು ಪ್ರತಿ ಕೊಡಿ ಅಂದ. ಹಿಂದೆ ಮೂವತ್ತೆರಡು ಜನ ಕಾಯ್ತಿದ್ರು. ತಿರುಗಿಸಿ ಕೂಡ ನೋಡದೆ ಹಳದಿದನ್ನ ಕೊಟ್ಟುಬಿಟ್ಟೆ. ಅವನು ಮುದ್ರೆ ಒತ್ತಿ ತನ್ನ ಕಾಗದದ ಕಟ್ಟಿಗೆ ಸೇರಿಸಿಬಿಟ್ಟ."

"ಮತ್ತೆ... ನಕ್ಕೆ ಅಂದಿದ್ದು?"

"ಅಷ್ಟು ಆಸೆಯಿಂದ ಕೇಳ್ದೆ ನೀನು! ಕಳ್ಕೊಂಡೆ ಅಂದ್ರೆ ಬೇಜಾರು ಮಾಡ್ಕೋತೀಯ ಅಂತ... ಯಾವಾಗ್ಲೂ ತಮಾಷೆನೇ ತಾನೇ ಬರೀತಿದ್ದೆ? ಅದೂ ತಮಾಷೆನೇ ಇರುತ್ತೆ ಅಂತ ಸುಳ್ಳು ಹೇಳ್ದೆ. ಒಂದೇ ಒಂದು ಸುಳ್ಳು..." ಅವಳ ಕಣ್ಣೀರು ಧಾರಾಕಾರವಾಗಿ ಇಳಿಯಿತು.

ಅವನು ಕಲ್ಲಿನ ಮೇಲೆ ಕುಸಿದು ಕೂತ.

"ಹನ್ನೊಂದು ವರ್ಷ... ಒಂದು ಲೋಟ ಚಹಾಗೆ!"

"ಏನು ಬರ್ದಿದ್ದೆ? ಹೇಳು."

ಕೆಳಗಿನಿಂದ ಬಸ್ಸಿನ ಹಾರ್ನ್ ಕೂಗಿತು. ಒಂದು ಸಲ. ಎರಡು ಸಲ. ಅವನು ಎದ್ದು ಕನ್ನಡಕ ಹಾಕಿಕೊಂಡ.

"ನಡಿ. ಜನರನ್ನ ಒಪ್ಪಿಸ್ಬೇಕು."

'ಹೇಳಲೇ ಇಲ್ಲ...' ಒಂದೊಂದು ಮೆಟ್ಟಿಲಿಗೂ ಅವಳ ಮನಸ್ಸು ಇಳಿಯುತ್ತಾ ಹೋಯಿತು. 'ಅವತ್ತಿನ ಮಾತು ಅವತ್ತಿಗೇ ಮುಗಿಯಿತೇನೋ. ಕೇಳಲು ಬಂದ ಉತ್ತರ ಸಿಕ್ಕಿತಲ್ಲ. ಇನ್ನೇನು ಬೇಕು ನಿನಗೆ?'

ಬೇಕಿತ್ತು. ಅದು ಅವಳಿಗೂ ಗೊತ್ತಿತ್ತು.

*

ಗಡಿಯ ಗೇಟಿನ ಮುಂದೆ ಬಸ್ಸು ನಿಂತಿತು. ಈಗ ಮೇಲ್ವಿಚಾರಕರೆಂದು ಬೇರೆ ಯಾರೂ ಇಲ್ಲ, ಡ್ರೈವರೇ ಆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. ಗೈಡ್ ಎಣಿಸಿದ. ಇಪ್ಪತ್ತೇಳು. ತಪ್ಪಲಿಲ್ಲ. ಕಾರ್ಬನ್ ಇಟ್ಟು ಬರೆದು ಸಹಿ ಹಾಕಿದ. ಹಳದಿ ಚೀಟಿಯನ್ನು ತಿರುಗಿಸಿ, ಬಸ್ಸಿನ ಬಾಗಿಲಿಗೆ ಒತ್ತಿಟ್ಟುಕೊಂಡು ಇನ್ನೂ ಏನೋ ಬರೆದ. ಎರಡನ್ನೂ ಡ್ರೈವರ್ ಕೈಗಿಟ್ಟು ಇಳಿದುಬಿಟ್ಟ.

ಡ್ರೈವರ್ ಎರಡನ್ನೂ ಮಡಚಿ ಜೇಬಿಗೆ ತುರುಕಿದ.

"ಆ ಹಳದಿ ಚೀಟಿ ಕೊಡಿ!" ಅವಳು ಎದ್ದು ನಿಂತು ಕೂಗಿದಳು.

"ಅದು ನನ್ನ ಪ್ರತಿ ಮೇಡಂ, ಆಫೀಸಿಗೆ ಕೊಡ್ಬೇಕು..."

"ಕೊಡಪ್ಪಾ ಅತ್ಲಾಗೆ!" ಚಿಕ್ಕಮ್ಮ ಗದರಿದರು. "ನೋಡಿ ವಾಪಸ್ ಕೊಡ್ತಾಳೆ. ಅವಳು ಕೊಡದಿದ್ರೆ ನಿಮ್ಮ ಆಫೀಸಿಗೆ ನಾನೇ ಬಂದು ಇಪ್ಪತ್ತೇಳು ಅಂತ ಹೇಳ್ತೀನಿ!"

ಗಡಿ ದಾಟುವ ಮೊದಲು ತಿರುಗಿಸಬಾರದು ಎಂಬುದು ಹಳೆಯ ಕಾನೂನು. ಅವಳು ಅದನ್ನು ಅಲ್ಲೇ ಮುರಿದಳು.

'ಅವತ್ತು ಬರೆದಿದ್ದು ಇದು: ಮೂವತ್ತೆರಡು ಜನರನ್ನ ಸಂತೋಷದಿಂದ ವಾಪಸ್ ಒಪ್ಪಿಸಿದ್ದೀನಿ. ಅವರನ್ನ ಕರ್ಕೊಂಡು ಬಂದವಳನ್ನ ಕಳಿಸೋಕೆ ಮನಸ್ಸಿಲ್ಲ. ನನ್ನ ಮದುವೆ ಆಗ್ತೀಯಾ? ಇವತ್ತೂ ಅದೇ ಪ್ರಶ್ನೆ. ದಿಡ್ಡಿ ಬಾಗಿಲು ತೆಗೆದೇ ಇದೆ.'

ಅಕ್ಷರಗಳು ಕಲಸಿಹೋದವು. ಅವಳು ಯಾರ ಕಾಲು ತುಳಿದಳೋ, ಯಾರ ಚೀಲ ಎಡವಿದಳೋ, ಬಾಗಿಲು ಸೇರಿ ಇಳಿದಳು. ಅವನು ನೀಲಿ ಕೊಡೆ ಹಿಡಿದು, ಇತ್ತ ನೋಡುವ ಧೈರ್ಯವಿಲ್ಲದೆ ಬೆನ್ನು ಹಾಕಿ ನಿಂತಿದ್ದ.

"ಇಲ್ಲಿ ನೋಡು."

ಅವನು ತಿರುಗಿದ.

"ಆಗ್ತೀನಿ. ಅವತ್ತೇ ಓದಿದ್ದಿದ್ರೂ ಆಗ್ತೀನಿ ಅಂತಾನೇ ಅಂತಿದ್ದೆ."

ಅವನ ಕೈಯಿಂದ ಕೊಡೆ ಜಾರಿತು. ಅವಳೇ ಹಿಡಿದುಕೊಂಡಳು.

"ಮುಂದಿನ ಶನಿವಾರ ರಜೆ ಹಾಕ್ತೀನಿ," ಅವನು ತಡವರಿಸಿದ. "ನಾನೇ ಆ ಕಡೆ ಬರ್ತೀನಿ. ನಿನ್ನ ಚಿಕ್ಕಮ್ಮನ ಹತ್ರ ಕೇಳ್ಬೇಕಲ್ಲ..."

"ಕೇಳೋದೇನಿದೆ, ಊಟಕ್ಕೇ ಬನ್ನಿ!" ಕಿಟಕಿಯಿಂದ ಚಿಕ್ಕಮ್ಮನ ದನಿ. ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟವನು ಒತ್ತದೆ ಸುಮ್ಮನಾದ.

ಅವನು ಅವಳ ಕೆನ್ನೆಯ ಮೇಲಿನ ನೀರನ್ನು ಬೆರಳ ತುದಿಯಿಂದ ಒರೆಸಿದ.

"ನಿಜವಾಗ್ಲೂ ಓದಿದ್ಯಾ?"

"ಹೂಂ."

"ನಗು ಬಂತಾ?"

ಅಳುತ್ತಿದ್ದವಳು ತಡೆಯಲಾರದೆ ನಕ್ಕುಬಿಟ್ಟಳು.

"ಬಂತು... ಆದ್ರೆ ಈ ಸಲ ಓದಿ ನಗ್ತಿದ್ದೀನಿ."