ಉದುರಬೇಕಾದ ತೊಟ್ಟು

"ಕತ್ತರಿಸಿದ ಕಡ್ಡಿ ಎಲ್ಲಿ?"

ಫೋನ್ ಎತ್ತಿದ ಕೂಡಲೇ ಆ ಕಡೆಯಿಂದ ಬಂದ ಮೊದಲ ಮಾತು ಇದು. ಹಲೋ ಇಲ್ಲ, ನಮಸ್ಕಾರ ಇಲ್ಲ.

"ಯಾರು ಮಾತಾಡ್ತಿರೋದು?"

"ನರ್ಸರಿಯಿಂದ. ಈಗ ತಾನೇ ಗುಲಾಬಿ ಫೋಟೋ ಕಳಿಸಿ, ಯಾವ ಗೊಬ್ಬರ ಹಾಕ್ಲಿ ಅಂತ ಕೇಳಿದ್ರಲ್ಲ? ಗೊಬ್ಬರ ಹಾಳಾಗಲಿ. ಆ ಕಡ್ಡಿ ಏನ್ಮಾಡಿದ್ರಿ ಮೇಡಂ?"

"ಬಕೆಟ್‌ನಲ್ಲಿದೆ. ಕಸಕ್ಕೆ ಹಾಕ್ಬೇಕು."

"ಅಯ್ಯೋ, ಹಾಕ್ಬೇಡಿ! ಒದ್ದೆ ಬಟ್ಟೇಲಿ ಸುತ್ತಿ ನೆರಳಲ್ಲಿಡಿ. ಅಡ್ರೆಸ್ ಕಳಿಸಿ. ಬಂದೆ."

ಇಪ್ಪತ್ತು ನಿಮಿಷಕ್ಕೆ ನರ್ಸರಿಯವರು ಬಂದೇಬಿಟ್ಟರು. ಮೊಣಕಾಲಿಗೆ ಮಣ್ಣು, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲೊಂದು ಪುಟ್ಟ ಚಾಕು. ಟೆರೇಸಿನ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಸಲ ಗಿಡ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆ ಎರಡನೇ ನೋಟದಲ್ಲಿ ಬೈಗುಳವಿತ್ತು. ಆದರೆ ಬಾಯಿ ಬಿಟ್ಟಾಗ ದನಿ ಮೆತ್ತಗಿತ್ತು.

"ನೀವು ಉಳಿಸಿರೋದು ಕಾಡು ಗುಲಾಬಿ. ಬೇರು ಗಟ್ಟಿಯಾಗಿರಲಿ ಅಂತ ಅದನ್ನ ಕೆಳಗಿಟ್ಟು, ಮೇಲೆ ಒಳ್ಳೆ ಗುಲಾಬಿ ಕಸಿ ಕಟ್ಟಿರ್ತಾರೆ. ಆ ಒಳ್ಳೆದನ್ನೇ ಕತ್ತರಿಸಿ ಬಕೆಟ್‌ಗೆ ಹಾಕಿದೀರಿ."

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನಕ್ಕೆ ನೂರು ಚೀಟಿ ಓದಿ ಒಂದು ಮಾತ್ರೆಯನ್ನೂ ತಪ್ಪಾಗಿ ಕೊಟ್ಟವಳಲ್ಲ. ಕೆಳಗಿನಿಂದ ಎರಡು ದಪ್ಪ ಚಿಗುರು ಜೋರಾಗಿ ಎದ್ದಿದ್ದವು, ಮೇಲಿನ ಕೊಂಬೆ ಸೊರಗಿತ್ತು. ಸೊರಗಿದ್ದನ್ನು ತೆಗೆದರೆ ಗಟ್ಟಿಯಾದದ್ದಕ್ಕೆ ಬಲ ಬರುತ್ತದೆಂದು ನನ್ನ ತಲೆ ಓಡಿತು. ಸುಮ್ಮನಿರಲಾಗದ ಕೈ ನನ್ನದು. ಹಿಂದೊಮ್ಮೆ ಒಬ್ಬನಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ, ಊಟ ಆಯ್ತಾ, ಕೋಪಾನಾ ಎಂದು ಕೇಳಿ ಕೇಳಿ ಓಡಿಸಿದ್ದೂ ಇದೇ ಕೈ.

ಅಮ್ಮ ಮದುವೆಯಾದ ಹೊಸತರಲ್ಲಿ ಇದ್ದ ಬಾಡಿಗೆ ಮನೆಯ ಅಂಗಳದ ಗುಲಾಬಿ ಅದು. ಆ ಮನೆ ಕೆಡವುವ ಮುನ್ನಾದಿನ ಓಡಿಹೋಗಿ ಒಂದು ಕಡ್ಡಿ ತಂದು ಕಸಿ ಮಾಡಿಸಿದ್ದಳು. ಈಗ ಅಕ್ಕನ ಹೆರಿಗೆಗೆಂದು ಹೋಗಿದ್ದಾಳೆ. ಫೋನಿನಲ್ಲಿ ಮೊದಲು "ಗಿಡ ಹೇಗಿದೆ?" ಎನ್ನುತ್ತಾಳೆ, ಆಮೇಲೆ "ನೀನು?" ಎನ್ನುತ್ತಾಳೆ. ಮೂರು ವಾರಕ್ಕೆ ವಾಪಸ್ಸು ಬರುತ್ತಾಳೆ.

"ಏನಾದ್ರೂ ಮಾಡಿ, ಪ್ಲೀಸ್," ಎಂದೆ. ಅಳು ಬಂದೇಬಿಟ್ಟಿತ್ತು.

"ಅಳಬೇಡಿ. ಕಡ್ಡಿ ಇನ್ನೂ ಹಸಿಯಾಗಿದೆ."

ಅವರು ಕಡ್ಡಿಯಿಂದ ಚಿಗುರು ಒಡೆಯುವ ಒಂದೊಂದೇ ಮೊಗ್ಗುಕಣ್ಣನ್ನು ಸಿಪ್ಪೆಸಮೇತ ಎತ್ತಿ, ಕಾಡು ಗುಲಾಬಿಯ ತೊಗಟೆ ಸೀಳಿ ಒಳಗೆ ಕೂರಿಸಿದರು. ಮೂರು ಕಡೆ. ಪ್ರತಿ ಕಣ್ಣಿನ ಕೆಳಗೂ ಎಲೆಯ ತುಂಡು ತೊಟ್ಟು ಬಿಟ್ಟು, ಸುತ್ತ ಟೇಪು ಬಿಗಿದರು. ಆ ಒರಟು ಬೆರಳುಗಳು ಅಷ್ಟು ಹಗುರವಾಗಿ ಓಡಾಡುವುದನ್ನು ನೋಡುತ್ತಾ ನಾನು ಅಳುವುದನ್ನೇ ಮರೆತೆ.

"ಮೂರು ವಾರ ಬಿಟ್ಟು ಈ ತೊಟ್ಟು ಮುಟ್ಟಿದ ತಕ್ಷಣ ಉದುರಿದ್ರೆ ಕಣ್ಣು ಹಿಡಿದಿದೆ ಅಂತ. ಒಣಗಿ ಅಂಟಿಕೊಂಡೇ ಇದ್ರೆ ಸತ್ತಿದೆ ಅಂತ. ಅಲ್ಲೀವರೆಗೂ ಮುಟ್ಟಬಾರದು."

"ಒಂದ್ಸಲಾನೂ?"

"ಅದಕ್ಕೇ ನಾನೇ ದಿನಾ ಬಂದು ನೋಡ್ತೀನಿ. ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇಲ್ಲ." ತುಟಿಯಂಚಿನಲ್ಲಿ ನಗು ಅಡಗಿಸಿಕೊಂಡರು. ನನಗೆ ಕಂಡಿತು.

ಅಂದಿನಿಂದ ಬೆಳಿಗ್ಗೆ ಏಳಕ್ಕೆ ಗೇಟು ಕಿರ್ರೆನ್ನುತ್ತಿತ್ತು. ಬಂದು ಗಿಡ ನೋಡುತ್ತಿದ್ದರು, ಟೀ ಕುಡಿಯುತ್ತಿದ್ದರು, ನನ್ನ ಅಂಗಡಿಯ ಕಥೆ ಕೇಳುತ್ತಿದ್ದರು. ಕೆಮ್ಮಿನ ಔಷಧಿ ರುಚಿಯಾಗಿದೆಯಾ ಎಂದು ಕೇಳುವ ಅಜ್ಜನ ಕಥೆಗೆ ಬಿದ್ದು ಬಿದ್ದು ನಕ್ಕರು. ಐದನೇ ದಿನ ನಾನು ಆರೂವರೆಗೇ ತಲೆ ಬಾಚಿಕೊಂಡು ನಿಂತಿದ್ದೆ. ಹತ್ತನೇ ದಿನ ಏಳು ಗಂಟೆ ಹತ್ತು ನಿಮಿಷವಾದರೂ ಗೇಟು ಕಿರ್ರೆನ್ನಲಿಲ್ಲ. ನಾನು ಮೂರು ಸಲ ಮೆಟ್ಟಿಲಿಳಿದು ಹತ್ತಿದೆ.

"ಸ್ಕೂಟರ್ ಪಂಕ್ಚರ್," ಎನ್ನುತ್ತಾ ಏದುಸಿರಿನಲ್ಲಿ ಬಂದರು. "ಯಾಕೆ, ಮುಟ್ಟಿಬಿಟ್ರಾ?"

"ಇಲ್ಲಪ್ಪಾ!"

"ಮತ್ತೆ ಮುಖ ಯಾಕೆ ಹಾಗಿದೆ?"

ಏನು ಹೇಳಲಿ? ಕಣ್ಣು ಹಿಡಿಯದಿದ್ದರೆ ಅಮ್ಮನಿಗೆ ಮುಖ ತೋರಿಸುವ ಹಾಗಿಲ್ಲ. ಹಿಡಿದರೆ ಇವರಿಗೆ ಇಲ್ಲಿ ಕೆಲಸವಿಲ್ಲ. ದೇವರೇ ಹಿಡಿಯಲಿ ಎಂದು ಬೇಡುವಾಗಲೂ, ಸ್ವಲ್ಪ ನಿಧಾನವಾಗಿ ಹಿಡಿಯಲಿ ಎಂದು ಸೇರಿಸುತ್ತಿದ್ದೆ. ಎಂಥ ಮಗಳು ನಾನು ಎಂದು ನನಗೇ ನಾಚಿಕೆಯಾಗುತ್ತಿತ್ತು. ಅತ್ತ ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದು ಸುಳ್ಳು ಹೇಳುತ್ತಿದ್ದೆ.

ಇಪ್ಪತ್ತೊಂದನೇ ದಿನ ಇಬ್ಬರೂ ಕುಂಡದ ಮುಂದೆ ಕೂತೆವು. ಅವರು ಮೊದಲ ತೊಟ್ಟು ಮುಟ್ಟಿದರು. ಕಪ್ಪಾಗಿ ಅಂಟಿಕೊಂಡಿತ್ತು. ಎರಡನೆಯದೂ ಅಷ್ಟೇ.

"ಮೂರನೇದು ನೀವೇ ಮುಟ್ಟಿ," ಎಂದರು.

"ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ರಿ?"

"ಇಪ್ಪತ್ತು ದಿನ ಸುಮ್ಮನಿದ್ದ ಕೈ ಅಲ್ವಾ? ಈಗ ನಂಬಿಕೆ ಬಂದಿದೆ."

ಬೆರಳು ತಾಗಿದ್ದೇ ತಡ, ತೊಟ್ಟು ಮಣ್ಣಿಗೆ ಬಿತ್ತು. ಅದಿದ್ದ ಜಾಗದ ಮೇಲೆ ಹಸಿರು ಕಣ್ಣು ಉಬ್ಬಿಕೊಂಡಿತ್ತು. ನಾನು ಸಂತೋಷದಲ್ಲಿ ಅವರ ತೋಳು ಹಿಡಿದುಬಿಟ್ಟೆ. ಅವರೂ ಬಿಡಿಸಿಕೊಳ್ಳಲಿಲ್ಲ.

"ಏನಿದು, ನನ್ನ ಗಿಡ ಎಲ್ಲಿ?"

ಅಮ್ಮ! ಬ್ಯಾಗು ಹೆಗಲಲ್ಲೇ ಇತ್ತು. ಒಂದು ದಿನ ಮೊದಲೇ ಬಂದಿದ್ದಾಳೆ.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕತ್ತರಿಸಿದ್ದು, ಸುಳ್ಳು ಹೇಳಿದ್ದು, ಎರಡು ಸತ್ತದ್ದು. ಅಮ್ಮ ಕುಂಡದ ಪಕ್ಕ ಕೂತು ಆ ಒಂದು ಕಣ್ಣನ್ನು ತುಂಬಾ ಹೊತ್ತು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಂದು ಸಾಕು. ನಾನು ಅಲ್ಲಿಂದ ತಂದಿದ್ದೂ ಒಂದೇ ಕಡ್ಡಿ," ಎಂದಳು. "ಗಿಡ ಹೋದ್ರೆ ಹೋಗ್ಲಿ, ಇಷ್ಟು ದಿನ ಒಬ್ಳೇ ಹೆದರಿಕೊಂಡು ಕೂತಿದ್ಯಲ್ಲ, ಅದಕ್ಕೆ ಬೈಬೇಕು ನಿನಗೆ. ಕಟ್ಟಿದ್ದು ಯಾರು?"

"ಇವರೇ ಅಮ್ಮ. ಪಾಪ, ದಿನಾ ಬಂದು ನೋಡ್ಕೊಂಡು ಹೋಗ್ತಿದ್ರು."

"ದಿನಾನಾ?" ಅಮ್ಮನ ಹುಬ್ಬು ಮೇಲೇರಿತು. "ಕಣ್ಣು ಕಸಿ ಕಟ್ಟಿದ ಮೇಲೆ ಮೂರು ವಾರ ಆ ಕಡೆ ಯಾರೂ ತಲೆ ಹಾಕಲ್ಲ. ನೋಡೋಕೆ ಅಲ್ಲಿ ಏನೂ ಇರಲ್ಲ. ದಿನಾ ಬರೋಕೆ ಇದೇನು ಐಸಿಯುನಲ್ಲಿತ್ತಾ?"

ನರ್ಸರಿಯವರು ನೆಲ ನೋಡಿದರು. ಕಿವಿ ಕೆಂಪಾಗಿತ್ತು. ಅಮ್ಮ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿ, "ಟೀ ಇಡ್ತೀನಿ," ಎಂದು ಇಳಿದುಹೋದಳು.

"ಹೌದಾ?" ಎಂದೆ.

"ಹೌದು. ಮೊದಲನೇ ದಿನ ಗಿಡಕ್ಕೋಸ್ಕರ ಬಂದೆ. ಆಮೇಲಿಂದು ನಿಮಗೋಸ್ಕರ. ನನಗೆ ನೀವು ಇಷ್ಟ. ಹೇಳಿದ್ರೆ ಎಲ್ಲಿ ಬರಬೇಡಿ ಅಂತೀರೋ ಅಂತ ಭಯ ಇತ್ತು. ನಾಳೆಯಿಂದ ಬರೋಕೆ ಕಾರಣಾನೂ ಇಲ್ಲ."

"ಕಾರಣ ಇಲ್ಲದೇನೇ ಬನ್ನಿ," ಎಂದೆ. "ನನಗೂ ನೀವು ಇಷ್ಟ."

ಕೆಳಗಿನಿಂದ ಅಮ್ಮ ಕೂಗಿದಳು. "ಅವರಿಗೆ ಸಕ್ಕರೆ ಎಷ್ಟು ಅಂತ ಕೇಳೇ!"

"ಅರ್ಧ ಚಮಚ ಅಮ್ಮ," ಎಂದು ಕೂಗಿದೆ, ಕೇಳದೆಯೇ.

ಅಡುಗೆಮನೆಯಲ್ಲಿ ಅಮ್ಮ ನಗುವುದು ಟೆರೇಸಿನವರೆಗೂ ಕೇಳಿಸಿತು.