ದಿನಾ ಸಂಜೆ ನೋಡುವವಳು

ಆ ಶನಿವಾರ ಎಗ್ಮೋರ್ ಸಿಗ್ನಲ್‌ನಲ್ಲಿ ಬಸ್ಸು ಅಷ್ಟು ಹೊತ್ತು ನಿಲ್ಲದೇ ಇದ್ದಿದ್ದರೆ ಮೇಡಂ ಕೇಳಿದ ಪ್ರಶ್ನೆಯೂ ಭವಾನಿಯ ಕಿವಿಗೆ ಬೀಳುತ್ತಿತ್ತು. ಅವಳು ಏದುಸಿರು ಬಿಡುತ್ತ ಫ್ರೆಂಚ್ ಕ್ಲಾಸಿನ ಬಾಗಿಲು ತಳ್ಳಿದಾಗ ಕೇಳಿಸಿದ್ದು ಉತ್ತರ ಮಾತ್ರ.

ಉಪೇಂದ್ರ ಎದ್ದು ನಿಂತು ತಡವರಿಸುತ್ತ ಹೇಳುತ್ತಿದ್ದ. “ಜ ಲೆಮ್ ಬೊಕು. ಜ ಲಾ ವ್ವಾ ತು ಲೆ ಸ್ವಾರ್.”

ಬೋರ್ಡಿನ ಮೇಲೆ ಸರ್ವನಾಮಗಳ ಪಾಠ. ಯಾರ ಹೆಸರನ್ನೂ, ಯಾವುದರ ಹೆಸರನ್ನೂ ಹೇಳುವಂತಿಲ್ಲ, ಸರ್ವನಾಮ ಹಾಕಿಯೇ ಉತ್ತರಿಸಬೇಕು. ಫ್ರೆಂಚ್ ಕೇಳಿದ ಕೂಡಲೇ ಅದನ್ನು ಕನ್ನಡ ಮಾಡಿಕೊಳ್ಳುವುದು ಭವಾನಿಯ ಚಾಳಿ. ಮನಸ್ಸು ಆಗಲೇ ಕನ್ನಡಿಸಿಬಿಟ್ಟಿತ್ತು: ಅವಳಂದ್ರೆ ನನಗೆ ತುಂಬ ಇಷ್ಟ. ದಿನಾ ಸಂಜೆ ಅವಳನ್ನ ನೋಡ್ತೀನಿ.

“ಸಾನ್ ಎಲ್, ಜ ನ ದೋರ್ ಪಾ.”

ಅವಳಿಲ್ಲದಿದ್ದರೆ ನನಗೆ ನಿದ್ದೆಯೇ ಬರೋದಿಲ್ಲ.

ಕ್ಲಾಸು ಚಪ್ಪಾಳೆ ತಟ್ಟಿತು. ಮಧುರಾ ಮೇಡಂ “ತ್ರೆ ಬಿಯಾಂ” ಅಂತ ಮೆಚ್ಚಿದರು. ಉಪೇಂದ್ರ ನಾಚಿಕೊಂಡು ಕೂತ. ಪಕ್ಕದ ಕುರ್ಚಿಯಿಂದ ತನ್ನ ಹೆಲ್ಮೆಟ್ ತೆಗೆದು, ಕಣ್ಣಲ್ಲೇ ‘ಬನ್ನಿ’ ಅಂದ. ಎಂದಿನಂತೆ ಅವಳಿಗಾಗಿ ಜಾಗ ಹಿಡಿದಿಟ್ಟಿದ್ದ.

ಭವಾನಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊರದೇಶದ ರೋಗಿಗಳನ್ನು ನೋಡಿಕೊಳ್ಳುವ ಡೆಸ್ಕಿನಲ್ಲಿದ್ದಳು. ಕಾಂಗೋ, ಮಡಗಾಸ್ಕರ್‌ನಿಂದ ಬರುವ ಅಮ್ಮಂದಿರ ಕೈ ಹಿಡಿದು ಎರಡು ಮಾತಾದರೂ ಅವರ ಭಾಷೆಯಲ್ಲಿ ಆಡಬೇಕು ಅಂತ ಫ್ರೆಂಚ್ ಕಲಿಯಲು ಬಂದವಳು. ಅವನು ಪೆರಂಬೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅಲ್ಲಿಗೆ ಬಂದ ಫ್ರೆಂಚ್ ಯಂತ್ರದ ಮ್ಯಾನ್ಯುಯಲ್ ಓದಲು ಬಂದವನು. ಮೊದಲ ದಿನ ಕ್ರಿಯಾಪದದ ಪಟ್ಟಿ ನೋಡಿ ಅವನು “ಅಯ್ಯೋ ರಾಮಾ” ಅಂದಿದ್ದ, ಅವಳು ನಕ್ಕಿದ್ದಳು. ಅವನದು ತಲೆಮಾರುಗಳಿಂದ ಟ್ರಿಪ್ಲಿಕೇನ್‌ನಲ್ಲಿ ನೆಲೆಸಿದ, ಈರುಳ್ಳಿಯನ್ನೂ ಮುಟ್ಟದ ಮಾಧ್ವರ ಮನೆ, ಅರ್ಧ ತಮಿಳಿನ ಕನ್ನಡ. ಅವಳದು ಹಾವೇರಿ ಕಡೆಯ ಲಿಂಗಾಯತರ ಮನೆ. ಅಪ್ಪ ಮುರುಗೆಪ್ಪ ಪುರಸವಾಕಂನಲ್ಲಿ ಮೆಣಸಿನಕಾಯಿ ವ್ಯಾಪಾರಿ. ಕ್ಲಾಸು ಮುಗಿದ ಮೇಲೆ ಕೆಳಗಿನ ಟೀ ಅಂಗಡಿಯ ಮುಂದೆ ಇಬ್ಬರೂ ಅವರವರ ಕನ್ನಡವನ್ನು ಗೇಲಿ ಮಾಡಿಕೊಳ್ಳುತ್ತ ನಿಲ್ಲುವುದು ಅಭ್ಯಾಸವಾಗಿತ್ತು. ಆ ದಿನ ಭವಾನಿ ನಿಲ್ಲಲಿಲ್ಲ.

ಮನೆಗೆ ಬಂದರೆ ಅಪ್ಪ ಫೋನ್ ಹಿಡಿದೇ ಕೂತಿದ್ದ.

“ರಾಣೆಬೆನ್ನೂರಿನವ್ರು ಮತ್ತ ಕೇಳಾಕತ್ಯಾರವ್ವಾ. ಹುಡುಗ ಡಾಕ್ಟರ್. ಮುಂದಿನ ಐತಾರ ಬರ್ಲೇನು ಅಂತಾರ. ನೀ ಹೂಂ ಅಂದ್ರಷ್ಟ.”

ವಾರಗಟ್ಟಲೆ ಏನೇನೋ ನೆಪ ಹೇಳಿ ತಪ್ಪಿಸಿಕೊಂಡು ಬಂದಿದ್ದವಳು ಚಪ್ಪಲಿ ಕಳಚುತ್ತ, “ಬರ್ಲಿ ಬಿಡಪ್ಪ” ಅಂದಳು.

ಅಡುಗೆಮನೆಯಿಂದ ಅವ್ವ ಶಂಕ್ರಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದು ಮಗಳ ಗಲ್ಲ ಮುಟ್ಟಿದಳು. ಭವಾನಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಆಮೇಲೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಡೆಸ್ಕಿನಲ್ಲಿ ಒಬ್ಬರ ಫೈಲು ಇನ್ನೊಬ್ಬರಿಗೆ ಕೊಟ್ಟಳು. ತಲೆ ಬಾಚುತ್ತ ಕನ್ನಡಿಯ ಮುಂದೆ ಮರೆತು ನಿಂತಳು. ಹೇಗಿದ್ದಾಳೋ ಅವಳು? ಎತ್ತರವೋ? ಅವನ ತಮಿಳು ಜೋಕಿಗೆಲ್ಲ ನಗುತ್ತಾಳೋ? ಯಾರೋ ಒಬ್ಬಳ ಮೇಲೆ ಹೀಗೆ ಸಿಟ್ಟು ಬರುವುದು ಅವಳಿಗೇ ಹೊಸತು.

ಬುಧವಾರ ಸಂಜೆಯ ಕ್ಲಾಸಿನಲ್ಲಿ ಮೇಡಂ ಜೋಡಿ ಮಾಡಿ ಕೂರಿಸಿದರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

“ಎನ್ನ ಆಚು? ಏನಾಯ್ತು? ನನ್ನ ಮೇಲೆ ಕೋಪಾನಾ?” ಉಪೇಂದ್ರ ಬಗ್ಗಿ ಕೇಳಿದ.

“ನನಗ್ಯಾಕ ಸಿಟ್ಟು?”

“ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡಿದ್ದೀರಿ.”

ಅವಳು ಪಟ್ಟನೆ ತಿರುಗಿಸಿ ಹಿಡಿದಳು. ಅವನ ಕಣ್ಣಂಚಿನಲ್ಲಿ ನಗು ಇಣುಕಿತು. ಆ ನಗುವೇ ಅವಳನ್ನು ಕೆಣಕಿತು.

“ಆಕಿ ಹೆಸರೇನು?”

“ಯಾರ ಹೆಸರು?”

“ದಿನಾ ಸಂಜಿ ನೋಡ್ತೀರಲ್ಲ. ಆಕಿ ಇಲ್ಲಂದ್ರ ನಿದ್ದಿ ಬರಂಗಿಲ್ಲಲ್ಲ ನಿಮಗ. ಆಕಿ.”

ಉಪೇಂದ್ರ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದ.

“ಸಮುದ್ರ ರೀ! ಮೇಡಂ ಕೇಳಿದ್ದು ಸಮುದ್ರ ಇಷ್ಟವಾ ಅಂತ. ಫ್ರೆಂಚಲ್ಲಿ ಸಮುದ್ರ ಹೆಂಗಸು. ಲಾ ಮೆರ್. ನಾನು ದಿನಾ ಆಫೀಸಿಂದ ಬಂದು ಮರೀನಾದಲ್ಲಿ ವಾಕಿಂಗ್ ಹೋಗ್ತೀನಿ. ಅಷ್ಟೇ!”

ಭವಾನಿಗೂ ನಗು ಉಕ್ಕಿತು. ಒಂದು ಜೀವವಿಲ್ಲದ್ದಕ್ಕೆ ‘ಅವಳು’ ಅನ್ನುವ ಇದೆಂಥ ಭಾಷೆ! ಪುಸ್ತಕದ ಮೇಲೆ ಅವನ ಕೈ ಅವಳ ಕೈಗೆ ತಾಗಿತು; ಇಬ್ಬರೂ ತೆಗೆಯಲಿಲ್ಲ. ಮರುಗಳಿಗೆ ಅವಳಿಗೆ ಭಾನುವಾರದ ನೆನಪಾಯಿತು. ನಗು ನಿಂತಿತು.

“ಐತಾರ ನನ್ನ ನೋಡಾಕ ಬರ್ತಾರ,” ಅಂದಳು. “ನಾನಽ ಹೂಂ ಅಂದೀನಿ.”

ಅವನ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. “ಓ... ಒಳ್ಳೇದು,” ಅಂದ. ಅಷ್ಟೇ. ಪಾಠ ಮುಗಿಯುವ ಮೊದಲೇ ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದ.

ಶನಿವಾರ ಬೆಳಿಗ್ಗೆ ಅವನು ಕ್ಲಾಸಿಗೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮನೆಯಲ್ಲಿ ಅವ್ವ ರವೆ ಹುರಿಯುತ್ತಿದ್ದಳು, ಅಪ್ಪ ಸೋಫಾದ ಹೊದಿಕೆ ಬದಲಿಸುತ್ತಿದ್ದ. ಭವಾನಿ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬಾಲ್ಕನಿಗೆ ಅಡ್ಡಾಡಿದಳು. ಬಿಸಿಲು ಇಳಿಯುತ್ತಿದ್ದಂತೆ ತಡೆಯಲಾರದೆ ಆಟೋ ಹತ್ತಿದಳು.

ಮರೀನಾದ ಮರಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹುಡುಕಿದಳು. ಕಡಲೆ ಸುಂಡಲ್ ಮಾರುವವರು, ಗಾಳಿಪಟ, ನೀರಿಗೆ ಓಡುವ ಮಕ್ಕಳು. ಕೊನೆಗೆ ಸಿಕ್ಕ. ಪ್ಯಾಂಟು ಮಡಚಿ, ಅಲೆಗಳ ಕಡೆ ನೋಡುತ್ತ ನಿಂತಿದ್ದ.

“ಫೋನ್ ಯಾಕ ಎತ್ತಲಿಲ್ಲ?”

ಅವನು ಬೆಚ್ಚಿ ತಿರುಗಿದ. “ನೀವಾ? ಇಲ್ಲಿ?”

“ಕೇಳಿದ್ದಕ್ಕ ಉತ್ತರ ಹೇಳ್ರಿ.”

“ಎತ್ತಿ ಏನು ಹೇಳಲಿ? ನಮ್ಮನೆ ಬೇರೆ, ನಿಮ್ಮನೆ ಬೇರೆ. ಹುಡುಗ ಡಾಕ್ಟರೋ ಏನೋ ಇರ್ತಾನೆ. ನೀವೇ ಹೂಂ ಅಂದಮೇಲೆ ಮಧ್ಯೆ ಬರೋಕೆ ನಾನ್ಯಾರು?”

“ಅದನ್ನ ನನ್ನ ಕೇಳಬೇಕಿತ್ತು! ಒಳ್ಳೇದು ಅಂತ ಹೇಳಿ ಎದ್ದು ಹೋಗೋದಲ್ಲ.” ಗಾಳಿಗೆ ಕೂದಲು ಮುಖದ ಮೇಲೆಲ್ಲ ಹಾರುತ್ತಿತ್ತು, ಅವಳು ಸರಿಸಿಕೊಳ್ಳಲೂ ಇಲ್ಲ. “ನನಗ ನಿಮ್ಮನ್ನ ಬಿಟ್ಟು ಯಾರೂ ಬ್ಯಾಡ. ನಿಮಗ?”

ಅವನು ಅವಳತ್ತ ಒಂದು ಹೆಜ್ಜೆ ಇಟ್ಟ. ಕಣ್ಣು ತುಂಬಿದ್ದವು.

“ಮೊದಲ ದಿನದಿಂದ,” ಅಂದ. “ಮೊದಲ ದಿನದಿಂದ ಭವಾನಿ. ಹೇಳೋಕೆ ಧೈರ್ಯ ಬರಲಿಲ್ಲ.”

“ಹಂಗಾರ ನಾಳೆ ಬರ್ರಿ. ಮನಿಗೆ. ಉಳಿದದ್ದು ನಾ ನೋಡ್ಕೋತೀನಿ.”

ಹೇಳಿದಷ್ಟು ಸುಲಭವಿರಲಿಲ್ಲ. ಮನೆಗೆ ಬಂದವಳೇ ಅಪ್ಪನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಮುರುಗೆಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಫೋನನ್ನು ಅವಳ ಮುಂದೆ ಇಟ್ಟು, “ಮಾತು ಕೊಟ್ಟಾಕಿ ನೀನು,” ಅಂದ. “ನೀನಽ ಫೋನ್ ಮಾಡಿ ಹೇಳು. ನಾ ಹೇಳಂಗಿಲ್ಲ.”

ಭವಾನಿ ಫೋನ್ ಮಾಡಿದಳು. ಎತ್ತಿದ್ದು ಹುಡುಗನ ತಾಯಿ. ಎಲ್ಲ ಕೇಳಿಸಿಕೊಂಡು ಆಕೆ ಉದ್ದಕ್ಕೆ ಉಸಿರು ಬಿಟ್ಟಳು. “ಬಂದು ಕುಂತ ಮ್ಯಾಲೆ ಹೇಳಿದ್ದರ ನಮ್ಮ ಮರ್ಯಾದಿ ಹೋಗ್ತಿತ್ತವ್ವ. ಮದ್ಲ ಹೇಳಿದಿ. ಇರ್ಲಿ, ಸುಖವಾಗಿರು.”

ಭಾನುವಾರ ಉಪೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಸೋಫಾದ ತುದಿಯಲ್ಲಿ ಕೂತ.

“ಮನ್ಯಾಗ ಹೇಳೀರೇನು?” ಮುರುಗೆಪ್ಪ ಕೇಳಿದ.

“ಹೇಳಿದೆ ಸರ್. ಅಮ್ಮ ರಾತ್ರಿಯಿಂದ ಮಾತಾಡ್ತಿಲ್ಲ. ಬೆಳಿಗ್ಗೆ ಕಾಫಿ ಮಾತ್ರ ತಂದಿಟ್ಟರು.”

“ಒಪ್ಪಲಿಲ್ಲಂದ್ರ?”

“ಒಪ್ಪೋವರೆಗೂ ಕೇಳ್ತೀನಿ ಸರ್. ಭವಾನಿನ ಕಾಯಿಸ್ತೀನಿ, ಬಿಡೋದಿಲ್ಲ.”

ಮುರುಗೆಪ್ಪ ಅವನ ಮುಖವನ್ನೇ ನೋಡಿದ. ಬಾಗಿಲ ಮರೆಯಿಂದ ಭವಾನಿ ಇಬ್ಬರನ್ನೂ ನೋಡುತ್ತಿದ್ದಳು.

ಅಷ್ಟರಲ್ಲಿ ಶಂಕ್ರಮ್ಮನ ದನಿ ಬಂತು. ಒಲೆಯ ಮುಂದಿನಿಂದಲೇ ಕೂಗಿದಳು: “ಭವಾನಿ, ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹಾಕ್ಲೇನ? ತಿಂತಾನೋ ಇಲ್ಲೋ ಕೇಳು ಅವನ್ನ!”

ಭವಾನಿ ಬಾಗಿಲಿಗೆ ಬಂದು ನಿಂತಳು. ಉಪೇಂದ್ರ ಅವಳನ್ನು ನೋಡಿದ, ಮುರುಗೆಪ್ಪನನ್ನು ನೋಡಿದ, ದನಿ ತಗ್ಗಿಸಿದ.

“ತಿಂತೀನಿ. ಅಮ್ಮಂಗೆ ಗೊತ್ತಿಲ್ಲ.”

ಮುರುಗೆಪ್ಪನ ಮೀಸೆ ಅಲುಗಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ; ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟ. “ಹಾಕವ್ವಾ,” ಅಂತ ಒಳಗೆ ಕೂಗಿದ. “ಜಾಸ್ತೀನ ಹಾಕು!”